ಗೋರ್ಲಿಟ್ಸ್: ಒಂದು ಸೇತುವೆಯಿಂದ ಹೋಗಿ ಇನ್ನೊಂದರಿಂದ ಮರಳಿದ ದಿನ

ಜರ್ಮನಿ–ಪೋಲೆಂಡ್ ಗಡಿಯ ಊರಾದ ಗೋರ್ಲಿಟ್ಸ್ ನೋಡಲು ನಾವು ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಜರ್ಮನಿಯ ದಡದಲ್ಲೇ ಸಂಜೆಯಾಗಿಬಿಟ್ಟಿತು. ನೈಸೆ ನದಿಯ ಆಚೆಗಿನ ಪೋಲೆಂಡನ್ನು ದೂರದಿಂದಲೇ ನೋಡಿ ಮರಳಿದೆವು. ಊರಿನ ಒಂದು ಪಾಲು ಅಲ್ಲೇ ಉಳಿದುಹೋಯಿತೆಂದು ಮನಸ್ಸಿಗೆ ಬಂದದ್ದು ಮನೆ ಸೇರಿದ ಮೇಲೆ. ಹಾಗಾಗಿ ಎರಡನೆಯ ಸಲ, ಒಂದು ಸೇತುವೆಯಿಂದ ದಾಟಿ ಇನ್ನೊಂದರಿಂದ ಹಿಂದಿರುಗುವಂತೆ ದಾರಿ ಗೊತ್ತುಮಾಡಿಕೊಂಡೆವು.

ಡ್ರೆಸ್ಡನ್‌ನಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. 2007ರ ಡಿಸೆಂಬರ್‌ನಲ್ಲಿ ಪೋಲೆಂಡ್, ಯುರೋಪಿನ ದೇಶಗಳ ನಡುವೆ ತಪಾಸಣೆಯಿಲ್ಲದೆ ಓಡಾಡಬಹುದಾದ ಶೆಂಗೆನ್ ವಲಯ ಸೇರಿದಾಗ ನಿಂತಿದ್ದ ಗಡಿ ತಪಾಸಣೆಯನ್ನು ಜರ್ಮನಿ 2023ರ ಅಕ್ಟೋಬರ್‌ನಲ್ಲಿ ಮತ್ತೆ ಆರಂಭಿಸಿದ್ದರಿಂದ, ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಎರಡನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆವು.

ಹಳೆಯ ಪೇಟೆಯ ಚೌಕವಾದ ಉಂಟರ್‌ಮಾರ್ಕ್ಟ್‌ನಲ್ಲಿ ಒಂದು ಮನೆಯ ಕಲ್ಲಿನ ಬಾಗಿಲಿಗೆ ‘ಪಿಸುಮಾತಿನ ಕಮಾನು’ ಎಂದು ಹೆಸರು. ಕಮಾನಿನುದ್ದಕ್ಕೂ ಕೊರೆದಿರುವ ತೋಡಿಗೆ ಒಂದು ಬದಿಯಲ್ಲಿ ಬಾಯಿಟ್ಟು ಪಿಸುಗುಟ್ಟಿದರೆ ಇನ್ನೊಂದು ಬದಿಯಲ್ಲಿ ಕಿವಿಗೊಟ್ಟವರಿಗೆ ಕೇಳುತ್ತದೆ. ನಾನು ಕಿವಿಯಿಟ್ಟು ನಿಂತರೆ, ‘ರೀ, ನೀರಿನ ಬಾಟಲಿ ರೈಲಲ್ಲೇ ಬಿಟ್ಟು ಬಂದ್ರಾ?’ ಎಂಬ ಹೆಂಡತಿಯ ದನಿ ಕಲ್ಲಿನೊಳಗಿಂದ ಬಂತು. ಬಿಟ್ಟು ಬಂದಿದ್ದೆ.

ಅಲ್ಲಿಂದ ನಿಕೊಲಾಯ್ ಸ್ಮಶಾನಕ್ಕೆ ನಡೆದೆವು. ಚಪ್ಪಲಿ ಹೊಲಿಯುವ ಕಾಯಕದಲ್ಲಿದ್ದುಕೊಂಡೇ ಅನುಭಾವಿಯಾದ ಯಾಕೊಬ್ ಬ್ಯೋಮೆಯ ಸಮಾಧಿ ಇರುವುದು ಇಲ್ಲಿ. ಹರಳಯ್ಯನವರ ಕಥೆ ಕೇಳುತ್ತ ಬೆಳೆದ ನನಗೆ ಈತ ಅಪರಿಚಿತನೆನಿಸಲಿಲ್ಲ. 1624ರಲ್ಲಿ ತೀರಿಕೊಂಡ ಬ್ಯೋಮೆ, ತನ್ನ ಬರಹಗಳಿಗಾಗಿ ಊರಿನ ಮುಖ್ಯ ಪಾದ್ರಿ ಗ್ರೆಗೊರ್ ರಿಕ್ಟರ್‌ನ ಸಿಟ್ಟಿಗೆ ಗುರಿಯಾಗಿದ್ದವನು. ನದಿಯ ನೆತ್ತಿಯ ಮೇಲಿರುವ ಪೀಟರ್ ಚರ್ಚು ಸ್ಮಶಾನಕ್ಕೆ ಹತ್ತಿರದಲ್ಲೇ ಇದೆ. 1703ರಲ್ಲಿ ಕಸಪರೀನಿ ಕಟ್ಟಿದ ‘ಸೂರ್ಯ ಆರ್ಗನ್’ ಇರುವುದು ಅದರೊಳಗೆ. ಸೂರ್ಯಮುಖಗಳ ಸುತ್ತ ಕೊಳವೆಗಳನ್ನು ಕಿರಣಗಳಂತೆ ಜೋಡಿಸಿದ ಆ ವಾದ್ಯವನ್ನು ಕೆಳಗೆ ನಿಂತು ನೋಡುತ್ತಿದ್ದರೆ ಕತ್ತು ನೋಯುವುದೇ ತಿಳಿಯುವುದಿಲ್ಲ.

ಚರ್ಚಿನ ಕೆಳಗೇ ಕಾಲ್ನಡಿಗೆಯ ಸೇತುವೆ. ಹಳೆಯದನ್ನು 1945ರ ಮೇ 7ರಂದು, ಯುದ್ಧ ಮುಗಿಯುವ ಮುನ್ನಾದಿನ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯವೇ ಸ್ಫೋಟಿಸಿತ್ತು. ಯುದ್ಧದ ನಂತರ ನದಿಯೇ ಗಡಿಯಾದ್ದರಿಂದ ಪೂರ್ವ ದಡ ಝ್ಗೊಜೆಲೆಟ್ಸ್ ಎಂಬ ಪೋಲಿಷ್ ಊರಾಯಿತು. ಸೇತುವೆ ಮತ್ತೆ ಎದ್ದು ನಿಂತದ್ದು 2004ರಲ್ಲಿ. ಅದನ್ನು ದಾಟಲು ಎರಡು ನಿಮಿಷ ಸಾಕು. ಆಚೆ ದಡದ ದಾಶಿನ್ಸ್ಕಿ ಬೀದಿಯಲ್ಲಿ, ನೀರಿಗೆ ತಾಗಿದಂತೆ, ಬ್ಯೋಮೆಯ ಮನೆ. ಮನೆ ಪೋಲೆಂಡಿನಲ್ಲಿ, ಸಮಾಧಿ ಜರ್ಮನಿಯಲ್ಲಿ. ಅವನ ಕಾಲದಲ್ಲಿ ಎರಡೂ ಒಂದೇ ಊರಿನ ಎರಡು ಕೇರಿಗಳು. ಇದು ಓದಿ ತಿಳಿದಿದ್ದ ವಿಷಯವೇ ಆದರೂ, ಬೆಳಿಗ್ಗೆ ಸಮಾಧಿ ನೋಡಿ ಮಧ್ಯಾಹ್ನ ಮನೆಯ ಮುಂದೆ ನಿಂತಾಗ ಆದ ಮನವರಿಕೆಯೇ ಬೇರೆ.

ಹತ್ತಿರದ ಒಂದು ಹೋಟೆಲಿನಲ್ಲಿ ಆಲೂಗಡ್ಡೆ ಮತ್ತು ಬಿಳಿ ಚೀಸಿನ ಹೂರಣವಿರುವ, ಕರ್ಜಿಕಾಯಿಯ ಆಕಾರದ ‘ಪಿಯೆರೋಗಿ ರುಸ್ಕಿಯೆ’ ತರಿಸಿದೆವು. ಹೂರಣ ಸಸ್ಯಾಹಾರವೇ, ಆದರೆ ಮೇಲೆ ಹುರಿದ ಹಂದಿ ಕೊಬ್ಬಿನ ಚೂರುಗಳನ್ನು ಉದುರಿಸಿ ತಂದಿದ್ದರು. ‘ಸ್ಕ್ವಾರ್ಕಿ ಬೇಡ’ ಎಂದು ಮೊದಲೇ ಹೇಳಬೇಕಿತ್ತು. ಎರಡನೆಯ ತಟ್ಟೆಗೆ ಹಾಗೆಯೇ ಹೇಳಿದೆವು.

ಆಮೇಲೆ ನದಿಯ ಗುಂಟ ದಕ್ಷಿಣಕ್ಕೆ ನಡೆದರೆ ಸಿಗುವುದು ಗ್ರೀಕ್ ಬುಲ್ವಾರ್ ಎಂಬ ನದಿದಂಡೆಯ ದಾರಿ. ಗ್ರೀಸಿನ ಅಂತರ್ಯುದ್ಧದಿಂದ ಓಡಿಬಂದ ಸಾವಿರಾರು ಜನ ಈ ಊರಲ್ಲಿ ನೆಲೆಸಿದ್ದರ ಗುರುತು ಈ ಹೆಸರು. ಮುಂದೆ ಗುಮ್ಮಟದ ಸಾಂಸ್ಕೃತಿಕ ಭವನ. ಜರ್ಮನ್ ಚಕ್ರವರ್ತಿಗಳ ನೆನಪಿಗೆಂದು ಕಟ್ಟಿ 1902ರಲ್ಲಿ ತೆರೆದ ಈ ಭವನದಲ್ಲೇ, 1950ರ ಜುಲೈ 6ರಂದು, ಪೂರ್ವ ಜರ್ಮನಿಯ ಪ್ರಧಾನಿ ಗ್ರೋಟೆವೋಲ್ ಮತ್ತು ಪೋಲೆಂಡಿನ ಪ್ರಧಾನಿ ಸಿರಾಂಕಿಯೆವಿಚ್ ಈ ಗಡಿಯನ್ನು ಒಪ್ಪಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದರು. ಇದಕ್ಕೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಬೇಕು. ನಾವು ಊಟಕ್ಕೆ ಹೆಚ್ಚು ಹೊತ್ತು ಕಳೆದು ಇಲ್ಲಿ ಅವಸರಪಟ್ಟೆವು.

ವಾಹನಗಳು ಓಡಾಡುವ ನಗರ ಸೇತುವೆಯಿಂದ ಮರಳುವಾಗ ಜರ್ಮನ್ ಪೊಲೀಸರು ಪಾಸ್‌ಪೋರ್ಟಿನ ಪುಟ ತಿರುವಿ ನೋಡಿ ಕೊಟ್ಟರು. ನಿಲ್ದಾಣ ಅಲ್ಲಿಂದ ದೂರವಿಲ್ಲ. ಆರು ಗಂಟೆಯ ಹೊತ್ತಿಗೆ ನಾವು ರೈಲಿನಲ್ಲಿದ್ದೆವು.