ಜರ್ನಲ್ ಲೇಖನದಲ್ಲಿ ಎಐ ಬಳಸಿದರೆ ಏನು ಹೇಳಬೇಕು, ಎಲ್ಲಿ ಹೇಳಬೇಕು

ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಓದುವವರಿರಲಿ, ಶಿರಸಿಯ ಅರಣ್ಯ ಕಾಲೇಜಿನ ಸಂಶೋಧಕರಿರಲಿ, ಲೇಖನ ಕಳಿಸುವುದು ಹೆಚ್ಚಾಗಿ ಇಂಗ್ಲಿಷ್ ಜರ್ನಲ್‌ಗಳಿಗೆ. ಭಾಷೆ ತಿದ್ದಿಸಲು ಚಾಟ್‌ಜಿಪಿಟಿ ಬಳಸುವುದು ತಪ್ಪಲ್ಲ, ದೊಡ್ಡ ಪ್ರಕಾಶಕರು ಹೆಚ್ಚಿನವರು ಅದನ್ನು ಒಪ್ಪುತ್ತಾರೆ. ಲೇಖನ ಸಿಕ್ಕಿಬೀಳುವುದು ಬಳಸಿದ್ದನ್ನು ಮುಚ್ಚಿಟ್ಟಾಗ, ಅಥವಾ ಅದು ಕೊಟ್ಟದ್ದನ್ನು ಪರೀಕ್ಷಿಸದೆ ಕಳಿಸಿದಾಗ.

ಮೊದಲ ದಿನವೇ ಒಂದು ದಾಖಲೆ ಕಡತ ತೆರೆಯಿರಿ. ದಿನಾಂಕ, ಸಾಧನದ ಹೆಸರು, ಆವೃತ್ತಿ, ಅದಕ್ಕೆ ಕೊಟ್ಟ ಸೂಚನೆ (ಪ್ರಾಂಪ್ಟ್), ಯಾವ ಪ್ಯಾರಾ ಬದಲಾಯಿತು, ಇಷ್ಟು ಸಾಕು. ಲೇಖನ ಮುಗಿದ ಮೇಲೆ ನೆನಪಿನಿಂದ ಬರೆಯಲು ಕೂತರೆ ಆವೃತ್ತಿಯೂ ಸೂಚನೆಯೂ ಸಿಗುವುದಿಲ್ಲ. ಹಳೆಯ ಕರಡುಗಳನ್ನೂ ಅಳಿಸಬೇಡಿ. ಎಐ ಪತ್ತೆ ಮಾಡುವ ತಂತ್ರಾಂಶಗಳು ಇಂಗ್ಲಿಷ್ ಮನೆಮಾತಲ್ಲದವರು ಸ್ವತಃ ಬರೆದದ್ದನ್ನೂ ಯಂತ್ರದ ಬರಹವೆಂದು ತೋರಿಸುವುದುಂಟು. ಆಗ ನಿಮ್ಮ ಪರ ನಿಲ್ಲುವುದು ಆ ಕರಡುಗಳೇ.

ಎಐ ಬಳಸಿದ್ದೇವೆ ಎಂಬ ಘೋಷಣೆ ಎಲ್ಲಿ ಬರಬೇಕೆಂಬುದು ಜರ್ನಲ್‌ನಿಂದ ಜರ್ನಲ್‌ಗೆ ಬೇರೆ. ಎಲ್ಸೆವಿಯರ್ ಪ್ರಕಾಶನದ ಜರ್ನಲ್‌ಗಳಲ್ಲಿ ಉಲ್ಲೇಖಪಟ್ಟಿಗೆ ಮೊದಲು ಪ್ರತ್ಯೇಕ ಶೀರ್ಷಿಕೆಯಡಿ ಬರುತ್ತದೆ. ಬರೀ ಕಾಗುಣಿತ, ವ್ಯಾಕರಣ ನೋಡಿಸಿದ್ದರೆ ಬೇಕಿಲ್ಲ. ಇನ್ನೊಂದು ಪ್ರಕಾಶನ ಸ್ಪ್ರಿಂಗರ್ ನೇಚರ್ ಇದನ್ನು ವಿಧಾನ ವಿಭಾಗದಲ್ಲಿ ಕೇಳುತ್ತದೆ, ಭಾಷೆ ತಿದ್ದಿದ್ದಕ್ಕಷ್ಟೇ ವಿನಾಯಿತಿ. ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿ ಐಸಿಎಂಜೆಇ ಪ್ರಕಾರ ಸಂಪಾದಕರಿಗೆ ಬರೆಯುವ ಪತ್ರದಲ್ಲೂ ಹೇಳಬೇಕು, ಲೇಖನದೊಳಗೂ ಹೇಳಬೇಕು: ಬರವಣಿಗೆಯ ನೆರವು ಕೃತಜ್ಞತೆಯಲ್ಲಿ, ದತ್ತಾಂಶ ವಿಶ್ಲೇಷಣೆ ವಿಧಾನದಲ್ಲಿ. ನಿಯಮ ಬದಲಾಗುತ್ತಲೂ ಇರುತ್ತದೆ. 2023ರ ಜನವರಿಯಲ್ಲಿ ಎಐ ಬರಹವನ್ನು ನಿಷೇಧಿಸಿದ್ದ ಸೈನ್ಸ್ ಜರ್ನಲ್, ಅದೇ ನವೆಂಬರ್‌ನಲ್ಲಿ ಘೋಷಣೆಯ ಷರತ್ತಿನ ಮೇಲೆ ಬಿಟ್ಟಿತು. ಹಾಗಾಗಿ ಕಳಿಸುವ ದಿನ ಜರ್ನಲ್‌ನ ಲೇಖಕರ ಸೂಚನೆಗಳನ್ನು ಮತ್ತೆ ತೆರೆದು ಓದಿ.

ಘೋಷಣೆ ಹೀಗಿರಲಿ: "ಕಾಳಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕುರಿತ ಈ ಲೇಖನದ ಪೀಠಿಕೆ ಮತ್ತು ಚರ್ಚಾ ಭಾಗದ ಇಂಗ್ಲಿಷನ್ನು ಸರಳಗೊಳಿಸಲು ಇಂಥ ಸಾಧನದ ಇಂಥ ಆವೃತ್ತಿ ಬಳಸಿದ್ದೇವೆ. ಬಂದದ್ದನ್ನೆಲ್ಲ ಲೇಖಕರು ಓದಿ ತಿದ್ದಿದ್ದಾರೆ. ವಿಷಯದ ಪೂರ್ಣ ಹೊಣೆ ಅವರದೇ." "ಎಐ ನೆರವು ಪಡೆಯಲಾಗಿದೆ" ಎಂದಷ್ಟೇ ಬರೆದರೆ ಸಂಪಾದಕರಿಗೆ ಏನೂ ತಿಳಿಯುವುದಿಲ್ಲ, ಪ್ರಶ್ನೆ ವಾಪಸ್ ಬರುತ್ತದೆ.

ಸಾಧನವನ್ನು ಲೇಖಕರ ಸಾಲಿಗೆ ಸೇರಿಸಲೇಬೇಡಿ. ಹಕ್ಕುಸ್ವಾಮ್ಯ ಪತ್ರಕ್ಕೆ ಸಹಿ ಹಾಕಲು, ಆಕ್ಷೇಪಕ್ಕೆ ಉತ್ತರಿಸಲು ಅದಕ್ಕೆ ಆಗದು. ಪ್ರಕಟಣಾ ನೀತಿ ಸಂಸ್ಥೆ ಕೋಪ್ 2023ರ ಫೆಬ್ರುವರಿಯಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ಹೆಚ್ಚು ಸಮಯ ಕೊಡಬೇಕಾದದ್ದು ಉಲ್ಲೇಖಗಳಿಗೆ. ಎಐ ಹುಟ್ಟಿಸುವ ಸುಳ್ಳು ಉಲ್ಲೇಖದಲ್ಲಿ ಎಷ್ಟೋ ಸಲ ಲೇಖಕರು ನಿಜ, ಜರ್ನಲ್ ನಿಜ, ಲೇಖನ ಮಾತ್ರ ಇರುವುದಿಲ್ಲ. ಡಿಒಐ, ಅಂದರೆ ಲೇಖನದ ಗುರುತಿನ ಸಂಖ್ಯೆ, ತೆರೆದರೆ ಬೇರೆಯದೇ ಲೇಖನ ಬರಬಹುದು. ಪ್ರತಿಯೊಂದನ್ನೂ ತೆರೆಯಿರಿ, ಶೀರ್ಷಿಕೆ, ವರ್ಷ, ಸಂಪುಟ, ಪುಟ ತಾಳೆ ನೋಡಿ. ಕೊನೆಗೆ ನೀವು ಹೇಳಿದ ಮಾತು ಆ ಲೇಖನದಲ್ಲಿ ಇದೆಯೇ ಎಂದು ಓದಿ. ಈ ಕೊನೆಯ ಹೆಜ್ಜೆಯನ್ನು ಬಿಡುವವರು ಅನೇಕರು.

ಚಿತ್ರಗಳಲ್ಲೂ ಎಚ್ಚರ ಬೇಕು. ಬಳಚಿನ (ಅಳಿವೆಯಲ್ಲಿ ಸಿಗುವ ಚಿಪ್ಪುಜೀವಿ) ಚಿಪ್ಪಿನ ಫೋಟೋದಲ್ಲಿ ಬೆಳಕನ್ನು ಇಡೀ ಚಿತ್ರಕ್ಕೆ ಸಮನಾಗಿ ಹೆಚ್ಚಿಸಬಹುದು. ಮುರಿದ ಅಂಚನ್ನು ಎಐಯಿಂದ ತುಂಬಿಸಬಾರದು, ಅದು ದತ್ತಾಂಶ ತಿರುಚಿದಂತೆ. 2024ರ ಫೆಬ್ರುವರಿಯಲ್ಲಿ ಫ್ರಾಂಟಿಯರ್ಸ್ ಪ್ರಕಾಶನದ ಜರ್ನಲ್ ಒಂದರಲ್ಲಿ ಎಐ ಬರೆದ ಅಸಂಬದ್ಧ ಇಲಿಯ ಚಿತ್ರ ಪ್ರಕಟವಾಗಿ, ಕೆಲವೇ ದಿನಗಳಲ್ಲಿ ಲೇಖನವನ್ನೇ ಹಿಂಪಡೆಯಬೇಕಾಯಿತು.

ಸಿದ್ದಾಪುರದ ಕತ್ತಲೆಕಾನಿನಂಥ ರಾಂಪತ್ರೆ ಜಡ್ಡಿಯಲ್ಲಿ (ರಾಂಪತ್ರೆ ಮರಗಳ ಜೌಗು ಕಾಡು) ಸಿಕ್ಕ ಅಪರೂಪದ ಗಿಡದ ಜಿಪಿಎಸ್ ಅಂಕಿ, ಅಘನಾಶಿನಿಯಲ್ಲಿ ಬಳಚು ಆಯುವವರ ಸಂದರ್ಶನದ ಧ್ವನಿಮುದ್ರಣ, ಇವನ್ನು ಸಾರ್ವಜನಿಕ ಸಾಧನಗಳಿಗೆ ಹಾಕಬೇಡಿ. ಮಾತಾಡಿದವರು ಒಪ್ಪಿಗೆ ಕೊಟ್ಟದ್ದು ನಿಮ್ಮ ಅಧ್ಯಯನಕ್ಕೆ. ವಿಮರ್ಶೆಗೆಂದು ಬಂದ ಬೇರೆಯವರ ಹಸ್ತಪ್ರತಿಗೂ ಇದೇ ನಿಯಮ, ಅದು ಗೋಪ್ಯ ದಾಖಲೆ.

ಕಳಿಸಿದ ಮೇಲೆ ಘೋಷಣೆ ಬಿಟ್ಟುಹೋಗಿದೆ ಎಂದು ಗೊತ್ತಾದರೆ, ವಿಮರ್ಶಕರ ಅಭಿಪ್ರಾಯಕ್ಕೆ ಕಾಯದೆ ಸಂಪಾದಕರಿಗೆ ಬರೆಯಿರಿ. ದಾಖಲೆ ಕಡತದ ಸಂಬಂಧಪಟ್ಟ ಸಾಲುಗಳನ್ನು ಲಗತ್ತಿಸಿ. ಪ್ರಕಟವಾಗಿಬಿಟ್ಟಿದ್ದರೆ ಎಲ್ಲ ಸಹಲೇಖಕರ ಒಪ್ಪಿಗೆ ಪಡೆದು ತಿದ್ದುಪಡಿ ಪ್ರಕಟಿಸಲು ಕೋರಿ.