ಮುಂದಿನ ಬ್ರೇಕ್ ಹಿಡಿದುಕೊಂಡರೆ ಮೊದಲು ನಿಪ್ಪಲ್ ಬಿಚ್ಚಿ ನೋಡಿ, ಪ್ಯಾಡ್ ಆಮೇಲೆ

ಹಿಂದಿನ ಚಕ್ರದ ಡ್ರಮ್ಮಿನೊಳಗೆ ಲೈನರ್‌ಗಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇರುತ್ತದೆ. ಮುಂದಿನ ಡಿಸ್ಕ್ ಬ್ರೇಕಿಗೆ ಅಂಥದ್ದಿಲ್ಲ. ಪೆಡಲ್ ತುಳಿದಾಗ, ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರ್ ಒಳಗಿನ ಪಿಸ್ಟನ್ ಆಯಿಲ್ ಒತ್ತಡಕ್ಕೆ ಮುಂದೆ ಬಂದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಅದನ್ನು ಸುತ್ತಿಕೊಂಡ ಚೌಕ ಅಂಚಿನ ರಬ್ಬರ್ ಸೀಲ್ ಪಿಸ್ಟನ್ ಜೊತೆಗೇ ಒಂಚೂರು ಬಾಗುತ್ತದೆ. ಕಾಲು ತೆಗೆದ ಕೂಡಲೇ ಸೀಲ್ ತನ್ನ ಮೊದಲಿನ ಆಕಾರಕ್ಕೆ ಬರುತ್ತ ಪಿಸ್ಟನ್ನನ್ನೂ ಎಳೆದುಕೊಳ್ಳುತ್ತದೆ. ಆ ಎಳೆತ ಒಂದು ಮಿಲಿಮೀಟರ್ ಕೂಡ ಇಲ್ಲ, ಅದರ ಸಣ್ಣದೊಂದು ಪಾಲು. ಬ್ರೇಕ್ ಬಿಡುಗಡೆಯಾಗುವುದು ಅಷ್ಟರಲ್ಲೇ. ಆದ್ದರಿಂದಲೇ ಕ್ಯಾಲಿಪರ್ ಜಾರುವ ಪಿನ್ನಿಗೆ ಹಿಡಿದ ತುಕ್ಕಿನ ಪುಡಿ, ಉಬ್ಬಿದ ಒಂದು ರಬ್ಬರ್, ಆಯಿಲ್ ತರುವ ಹೋಸಿನೊಳಗೆ ಎದ್ದ ಒಂದು ಸಿಪ್ಪೆ, ಇಷ್ಟು ಸಾಕು ಬ್ರೇಕ್ ಹಿಡಿದುಕೊಳ್ಳಲು.

ನಾನು ಹೆಚ್ಚು ಕೈ ಹಾಕುವುದು ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ನಂಥ ಮಾರುತಿ ಕಾರುಗಳಿಗೆ, ಅದೂ ಕರಾವಳಿಯಲ್ಲಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ವರ್ಷವಿಡೀ ಉಪ್ಪಿನ ಗಾಳಿ. ಮಾಲೀಕರು ಊರಲ್ಲಿಲ್ಲದೆ ತಿಂಗಳುಗಟ್ಟಲೆ ನಿಂತ ಕಾರುಗಳೂ ಬಹಳ. ಕೆಳಗೆ ಬರೆದಿರುವುದು ಒಂದೇ ಪಿಸ್ಟನ್ ಇರುವ, ಎರಡು ಪಿನ್‌ಗಳ ಮೇಲೆ ಜಾರುವ ಕ್ಯಾಲಿಪರ್‌ಗೆ ಹೊಂದುವ ಮಾತು. ನಮ್ಮ ರಸ್ತೆಯ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ.

ಯಾವುದು ತೊಂದರೆಯಲ್ಲ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ರಾತ್ರಿ ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಹೊರಡುವಾಗ 'ಟಕ್' ಎಂದು ಸದ್ದು ಮಾಡಿ ಬಿಟ್ಟುಕೊಂಡರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕಿಗೆ ಪ್ಯಾಡ್ ಅಂಟಿದ್ದು. ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಜಾಕ್ ಹಾಕಿ ಚಕ್ರ ತಿರುಗಿಸಿದಾಗ 'ಸರ್ ಸರ್' ಎಂದು ಪ್ಯಾಡ್ ಸವರುವುದೂ ಸಹಜ. ಒಂದೇ ಕೈಯಲ್ಲಿ ಚಕ್ರ ತಿರುಗಬೇಕು, ಅಷ್ಟೇ. ಎರಡೂ ಕೈ ಹಾಕಿ ಎಳೆಯಬೇಕಾದರೆ ಅದು ಜಾಮ್.

ಹಿಡಿದ ಬ್ರೇಕನ್ನು ಓಡಿಸುತ್ತಲೇ ಗುರುತಿಸಬಹುದು. ನ್ಯೂಟ್ರಲ್ ಮಾಡಿದರೆ ಕಾರು ಉರುಳದೆ ಬೇಗ ನಿಲ್ಲುತ್ತದೆ, ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ, ಮೈಲೇಜ್ ಇಳಿಯುತ್ತದೆ, ಇಳಿದು ನಿಂತಾಗ ಸುಟ್ಟ ವಾಸನೆ ಬರುತ್ತದೆ. ಆದರೆ ಯಾವ ಚಕ್ರ ಎಂದು ಖಚಿತವಾಗಲು ಹತ್ತು ಕಿಲೋಮೀಟರ್ ಓಡಿಸಬೇಕು. ಖಾಲಿ ರಸ್ತೆಯಲ್ಲಿ, ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ, ಕೊನೆಗೆ ಗೇರ್ ಇಳಿಸುತ್ತ ಬಂದು ನಿಲ್ಲಿಸಿ. ಬ್ರೇಕ್ ಹಾಕುತ್ತ ಬಂದರೆ ಎರಡೂ ಚಕ್ರ ಬಿಸಿಯಾಗಿ ಗುರುತು ಸಿಗುವುದಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಎರಡೂ ಡಿಸ್ಕಿನ ಒಂದೇ ಜಾಗಕ್ಕೆ ಹಿಡಿದು ಓದಿ. ಹೊಳೆಯುವ ಡಿಸ್ಕಿನ ಮೇಲೆ ಅದು ತೋರಿಸುವ ಅಂಕಿ ಕಡಿಮೆ ಬರುತ್ತದೆ, ಹಾಗಾಗಿ ಎಷ್ಟು ಡಿಗ್ರಿ ಎನ್ನುವುದಕ್ಕಿಂತ ಎಡಕ್ಕೂ ಬಲಕ್ಕೂ ಎಷ್ಟು ಅಂತರ ಎನ್ನುವುದೇ ಮುಖ್ಯ. ಉಪಕರಣ ಇಲ್ಲದಿದ್ದರೆ ಡಿಸ್ಕಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುರ್ ಎಂದು ಆರಿದರೆ ಅದೇ ಚಕ್ರ. ಬೆರಳಿಂದ ಮುಟ್ಟಬೇಡಿ, ಚರ್ಮ ಸುಲಿದು ಬರುತ್ತದೆ. ಬಿಸಿ ಡಿಸ್ಕಿನಲ್ಲಲ್ಲ, ಚಕ್ರ ಕೂರುವ ಹಬ್ಬಿನ ನಡುವೆ ಮಾತ್ರ ಇದೆ, ವೇಗಕ್ಕೆ ತಕ್ಕಂತೆ ಗುಂಯ್ ಎನ್ನುವ ಸದ್ದೂ ಇದೆ ಎಂದರೆ ನೀವು ಹುಡುಕುತ್ತಿರುವುದು ಬ್ರೇಕ್ ಅಲ್ಲ, ಬೇರಿಂಗ್.

ಒಂದೇ ಚಕ್ರ ಬಿಸಿಯೋ, ಎರಡೂ ಬಿಸಿಯೋ? ಇಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದೇ ಆದರೆ ತಪ್ಪು ಆ ಚಕ್ರದ ಹತ್ತಿರವೇ ಇದೆ: ಪಿನ್, ಪ್ಯಾಡ್, ಪಿಸ್ಟನ್ ಇಲ್ಲವೇ ಹೋಸ್. ಎರಡೂ ಆದರೆ ಮೇಲೆ ನೋಡಬೇಕು: ಪೆಡಲ್, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್, ಆಯಿಲನ್ನು ಒತ್ತಿ ಲೈನಿಗೆ ಕಳಿಸುವ ಮಾಸ್ಟರ್ ಸಿಲಿಂಡರ್. ಮುಂದಿನ ಚಕ್ರಕ್ಕೆ ಎಂಜಿನ್ ಬಲ ಕೊಡುವ ಇಂಥ ಕಾರುಗಳಲ್ಲಿ ಬ್ರೇಕ್ ಲೈನು ಎಕ್ಸ್ ಆಕಾರದಲ್ಲಿ ಹೋಗುತ್ತದೆ. ಮುಂದಿನ ಎಡಕ್ಕೂ ಹಿಂದಿನ ಬಲಕ್ಕೂ ಒಂದು ಸಾಲು, ಉಳಿದೆರಡಕ್ಕೆ ಇನ್ನೊಂದು. ಮುಂದಿನ ಎಡದ ಜೊತೆ ಹಿಂದಿನ ಬಲವೂ ಹಿಡಿಯುತ್ತಿದ್ದರೆ ಕ್ಯಾಲಿಪರ್ ಬಿಚ್ಚುವ ಮೊದಲು ಮಾಸ್ಟರ್ ಸಿಲಿಂಡರಿನಲ್ಲಿ ಆ ಸಾಲಿಗೆ ಆಯಿಲ್ ಕಳಿಸುವ ಅರ್ಧವನ್ನು ಅನುಮಾನಿಸಿ.

ಈಗ ನಿಪ್ಪಲ್ ಪರೀಕ್ಷೆ. ನಿಪ್ಪಲ್ ಎಂದರೆ ಬ್ರೇಕ್ ಆಯಿಲ್ ಮತ್ತು ಗಾಳಿ ಹೊರಬಿಡಲು ಕ್ಯಾಲಿಪರಿನಲ್ಲಿರುವ ತೂತಿನ ಸಣ್ಣ ಸ್ಕ್ರೂ. ಇದನ್ನು ಮಾಡದೆ ಪ್ಯಾಡ್ ಬದಲಿಸುವುದು ಜ್ವರ ನೋಡದೆ ಮಾತ್ರೆ ಕೊಟ್ಟ ಹಾಗೆ. ಬ್ರೇಕ್ ಹಿಡಿದುಕೊಂಡಿರುವಾಗಲೇ, ಬಿಸಿ ಇರುವಾಗಲೇ ಮಾಡಬೇಕು. ತಣ್ಣಗಾದ ಮೇಲೆ ಎಷ್ಟೋ ಸಲ ತಾನಾಗಿ ಬಿಟ್ಟುಕೊಂಡು ಎಲ್ಲ ಸರಿಯಿರುವಂತೆ ಕಾಣುತ್ತದೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಬೇಡಿ. ಕನ್ನಡಕ ಹಾಕಿಕೊಳ್ಳಿ. ಚಕ್ರ ಬಿಚ್ಚಿ, ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಾಟಲಿಗೆ ಬಿಡಿ. ನಿಪ್ಪಲ್‌ಗೆ ರಿಂಗ್ ಸ್ಪ್ಯಾನರನ್ನೇ ಹಾಕಿ, ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದುಹೋಗುತ್ತದೆ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಾದು ನೋಡಿ. ಬಲ ಹಾಕಿ ಮುರಿದರೆ ಕ್ಯಾಲಿಪರೇ ಹೋಯಿತು. ಇನ್ನೊಬ್ಬರಿಗೆ ಹಬ್ ತಿರುಗಿಸುತ್ತಿರಲು ಹೇಳಿ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ.

ಆಯಿಲ್ ಚಿಮ್ಮಿ, ಹಬ್ ಹಗುರಾಗಿ ತಿರುಗಿದರೆ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಎಂದರ್ಥ. ಕ್ಯಾಲಿಪರ್ ಮುಗ್ಧ, ತಪ್ಪು ಹೋಸಿನಲ್ಲೋ ಅದಕ್ಕೂ ಮೇಲೋ ಇದೆ. ಆಯಿಲ್ ಬರೀ ಹನಿ ಹನಿಯಾಗಿ ಬಂದು ಹಬ್ ಮೊದಲಿನಷ್ಟೇ ಬಿಗಿಯಾಗಿದ್ದರೆ ಒತ್ತಡ ಇಲ್ಲ. ಪಿಸ್ಟನ್, ಪಿನ್ ಅಥವಾ ಪ್ಯಾಡ್ ಸಿಕ್ಕಿಕೊಂಡಿದೆ. ಎರಡೇ ನಿಮಿಷದ ಕೆಲಸ, ಅರ್ಧ ದಿನದ ಬಿಚ್ಚಾಟ ಉಳಿಯುತ್ತದೆ.

ಒತ್ತಡ ಸಿಕ್ಕಿಕೊಂಡಿತ್ತು ಎಂದಾದರೆ ನಿಪ್ಪಲ್ ಮುಚ್ಚಿ, ಪೆಡಲ್ ತುಳಿದು ಮತ್ತೆ ಜಾಮ್ ಆಗುವಂತೆ ಮಾಡಿ. ಬಿಸಿಯಾದಾಗ ಮಾತ್ರ ಹಿಡಿಯುವ ಕಾರಾದರೆ ಇನ್ನೊಂದು ಸುತ್ತು ಓಡಿಸಿಯೇ ಬರಬೇಕು. ಈ ಸಲ ಲೋಹದ ಪೈಪು ರಬ್ಬರ್ ಹೋಸಿಗೆ ಸೇರುವ ಜಾಗದ ನಟ್ಟನ್ನು ಪೈಪ್ ಸ್ಪ್ಯಾನರಿನಿಂದ ಸ್ವಲ್ಪ ಸಡಿಲಿಸಿ. ಇಲ್ಲಿ ಸಡಿಲಿಸಿದರೂ ಚಕ್ರ ಬಿಡದೆ, ನಿಪ್ಪಲ್ ಸಡಿಲಿಸಿದಾಗ ಮಾತ್ರ ಬಿಟ್ಟರೆ ಹೋಸ್ ಕೆಟ್ಟಿದೆ. ಹಳೆಯ ಹೋಸ್ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಪದರ ಮಾತ್ರ ಉಬ್ಬಿಯೋ ಸಿಪ್ಪೆ ಎದ್ದೋ ದಾರಿ ಕಟ್ಟಿಕೊಂಡಿರುತ್ತದೆ. ಕಾಲಿನ ಬಲಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ, ಹಿಂದಕ್ಕೆ ತಳ್ಳುವ ಬಲವಿಲ್ಲದೆ ಅಲ್ಲೇ ನಿಲ್ಲುತ್ತದೆ. ಪ್ಯಾಡ್ ಬದಲಿಸುವಾಗ ಕ್ಯಾಲಿಪರನ್ನು ಹೋಸಿನಲ್ಲೇ ನೇತಾಡಲು ಬಿಡುವುದು, ಆಯಿಲ್ ಸೋರದಿರಲೆಂದು ಹೋಸನ್ನು ಪ್ಲಯರಿನಿಂದ ಹಿಸುಕುವುದು, ಇವೆರಡೂ ಆ ಪದರವನ್ನು ಹಾಳು ಮಾಡುತ್ತವೆ. ಒಂದು ತಂತಿಯಲ್ಲಿ ಕ್ಯಾಲಿಪರನ್ನು ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಲು ಎಷ್ಟು ಹೊತ್ತು ಬೇಕು? ಹೋಸ್ ಬದಲಿಸುವುದಾದರೆ ಎಡ ಬಲ ಎರಡನ್ನೂ ಬದಲಿಸಿ, ಅದರ ಬೋಲ್ಟಿನ ಎರಡು ತಾಮ್ರದ ವಾಷರ್‌ಗಳನ್ನೂ ಹೊಸದು ಹಾಕಿ.

ಪೈಪಿನ ನಟ್ ಸಡಿಲಿಸಿದಾಗಲೇ ಬಿಟ್ಟರೆ, ಅಥವಾ ಎರಡೂ ಚಕ್ರ ಹಿಡಿಯುತ್ತಿದ್ದರೆ ಮೇಲೆ ಹೋಗಬೇಕು. ಮಾಸ್ಟರ್ ಸಿಲಿಂಡರಿನಲ್ಲಿ ಬ್ರೇಕ್ ಆಯಿಲ್ ಟ್ಯಾಂಕಿಗೆ ತೆರೆದುಕೊಳ್ಳುವ ಸೂಜಿ ಮೊನೆಯಷ್ಟು ಸಣ್ಣ ತೂತಿದೆ. ಕಾಲು ಪೂರ್ತಿ ಎತ್ತಿದಾಗ ಸಿಲಿಂಡರಿನ ಒಳಗೆ ಆಯಿಲನ್ನು ತಳ್ಳುವ ರಬ್ಬರ್ ಕಪ್ ಆ ತೂತನ್ನು ದಾಟಿ ಹಿಂದೆ ಬರಬೇಕು, ಆಗ ಬಿಸಿಗೆ ಹಿಗ್ಗಿದ ಆಯಿಲ್ ಟ್ಯಾಂಕಿಗೆ ಹೋಗುತ್ತದೆ. ಕಪ್ ಅದನ್ನು ಮುಚ್ಚಿಕೊಂಡೇ ಇದ್ದರೆ ಹಿಗ್ಗಿದ ಆಯಿಲ್ ಪ್ಯಾಡನ್ನು ಒತ್ತುತ್ತದೆ, ಒತ್ತಿದ್ದಕ್ಕೆ ಇನ್ನಷ್ಟು ಬಿಸಿ, ಬಿಸಿಗೆ ಇನ್ನಷ್ಟು ಒತ್ತಡ. ಐದಾರು ಕಿಲೋಮೀಟರಿಗೆ ಪೆಡಲ್ ಮೇಲೆದ್ದು ಕಲ್ಲಿನಂತಾಗುತ್ತದೆ. ಅರ್ಧ ಗಂಟೆ ನಿಂತರೆ ಏನೂ ಆಗೇ ಇಲ್ಲವೆಂಬಂತೆ ಓಡುತ್ತದೆ. 'ಬಿಸಿಯಾದರೆ ಹಿಡಿಯುತ್ತದೆ, ತಣ್ಣಗಾದರೆ ಬಿಡುತ್ತದೆ' ಎಂದು ಯಾರಾದರೂ ಹೇಳಿದರೆ, ಎರಡೂ ಚಕ್ರ ಸಮವಾಗಿ ಬಿಸಿಯಿದ್ದರೆ, ನನ್ನ ಕೈ ಮೊದಲು ಹೋಗುವುದು ಪೆಡಲಿನ ಆಟಕ್ಕೆ, ಅಂದರೆ ಬಿಗಿ ಸಿಗುವ ಮೊದಲು ಅದು ಸಡಿಲವಾಗಿ ಸರಿಯುವ ದೂರಕ್ಕೆ. ಎಂಜಿನ್ ಆಫ್ ಮಾಡಿ, ನಾಲ್ಕೈದು ಸಲ ಪೆಡಲ್ ತುಳಿದು ಬೂಸ್ಟರಿನ ವ್ಯಾಕ್ಯೂಮ್ ಖಾಲಿ ಮಾಡಿ, ಆಮೇಲೆ ಬೆರಳಿಂದ ಒತ್ತಿ ಅಳೆಯಿರಿ. ಸುಜುಕಿ ಕೊಡುವ ಅಳತೆ 1ರಿಂದ 8 ಮಿಲಿಮೀಟರ್. ಆಟವೇ ಇಲ್ಲದಿದ್ದರೆ ಬ್ರೇಕ್ ಲೈಟಿನ ಸ್ವಿಚ್ ತೀರಾ ಮುಂದೆ ಬಂದು ಪೆಡಲನ್ನು ಒತ್ತಿಕೊಂಡಿದೆಯೇ, ದಪ್ಪ ಮ್ಯಾಟ್ ಅಡ್ಡ ಬಂದಿದೆಯೇ ನೋಡಿ. ವ್ಯಾಕ್ಯೂಮ್ ಖಾಲಿಯಾದೊಡನೆಯೇ ಚಕ್ರ ಬಿಟ್ಟುಕೊಂಡರೆ ತಪ್ಪು ಬೂಸ್ಟರಿನದು. ಆಗಲೂ ಬಿಡದಿದ್ದರೆ ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದ ಎರಡು ನಟ್ ಸಡಿಲಿಸಿ ಎರಡು ಮೂರು ಮಿಲಿಮೀಟರ್ ಮುಂದಕ್ಕೆ ಎಳೆಯಿರಿ. ಈಗ ಬಿಟ್ಟರೆ ಬೂಸ್ಟರಿನ ತಳ್ಳುವ ರಾಡ್ ಉದ್ದವಾಗಿದೆ, ಬೂಸ್ಟರೋ ಸಿಲಿಂಡರೋ ಬದಲಿಸಿದ ಕಾರುಗಳಲ್ಲಿ ಹೀಗಾಗುತ್ತದೆ. ಇಷ್ಟಾದರೂ ಬಿಡದಿದ್ದರೆ ತೂತಿಗೆ ಕೊಳೆ ಕಟ್ಟಿದೆ ಅಥವಾ ಕಪ್ ಉಬ್ಬಿದೆ.

ಕಪ್ ಉಬ್ಬುವುದಕ್ಕೆ ಮುಖ್ಯ ಕಾರಣ ತಪ್ಪು ಎಣ್ಣೆ. ಟ್ಯಾಂಕಿನ ಮುಚ್ಚಳದ ಒಳಗಿನ ರಬ್ಬರ್ ತೆಗೆದು ನೋಡಿ. ಅದು ಉಬ್ಬಿ ಅಲೆಅಲೆಯಾಗಿ, ತನ್ನ ಜಾಗಕ್ಕೆ ಮತ್ತೆ ಕೂರದಂತಾಗಿದ್ದರೆ ಯಾರೋ ಎಂಜಿನ್ ಆಯಿಲನ್ನೋ ಪವರ್ ಸ್ಟೇರಿಂಗ್ ಆಯಿಲನ್ನೋ ಸುರಿದಿದ್ದಾರೆ. ಆಗ ಹೊಸ ರಬ್ಬರ್‌ಗಳ ಒಂದು ಕಿಟ್ ಹಾಕಿ ಮುಗಿಸುವ ಮಾತೇ ಇಲ್ಲ. ಸಿಲಿಂಡರ್, ಹೋಸ್, ಸೀಲ್, ಆ ಎಣ್ಣೆ ಮುಟ್ಟಿದ ರಬ್ಬರ್ ಪ್ರತಿಯೊಂದೂ ಬದಲಾಗಬೇಕು, ಲೋಹದ ಪೈಪು ತೊಳೆಯಬೇಕು.

ನಿಪ್ಪಲ್ ಸಡಿಲಿಸಿದರೂ ಬಿಡದ ಬ್ರೇಕ್ ಕರಾವಳಿಯಲ್ಲಿ ನನಗೆ ಹೆಚ್ಚು ಸಿಗುವ ಬಗೆ, ಅದರಲ್ಲೂ ಪಿನ್. ಕೆಳಗಿನ ಬೋಲ್ಟ್ ಬಿಚ್ಚಿ ಕ್ಯಾಲಿಪರ್ ಮೇಲೆತ್ತಿ, ಪ್ಯಾಡ್ ಹೊರಗೆ ತೆಗೆದು ಅಕ್ಕಪಕ್ಕ ಇಟ್ಟು ನೋಡಿ, ಸವೆದ ರೀತಿಯೇ ಅರ್ಧ ಉತ್ತರ. ಒಳಗಿನ ಪ್ಯಾಡ್ ಬೇಗ ಸವೆದಿದ್ದರೆ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಹೊರಗಿನದು ಸವೆದಿದ್ದರೆ ಕ್ಯಾಲಿಪರ್ ಪಿನ್ ಮೇಲೆ ಜಾರುತ್ತಿಲ್ಲ. ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಎರಡರಲ್ಲಿ ಒಂದು ಪಿನ್ ಬಿಗಿ, ಇಲ್ಲವೇ ಪ್ಯಾಡಿನ ಕಿವಿ ಬ್ರಾಕೆಟ್ಟಿನಲ್ಲಿ ಸಿಕ್ಕಿದೆ.

ಪಿನ್‌ಗಳು ಬೆರಳಲ್ಲಿ ಹಿಡಿದರೆ ಒಳಗೆ ಹೊರಗೆ ಜಾರಬೇಕು, ಸುತ್ತಲೂ ತಿರುಗಬೇಕು. ಕೆಲವು ಕ್ಯಾಲಿಪರ್‌ಗಳಲ್ಲಿ ಒಂದು ಪಿನ್ನಿನ ತುದಿಗೆ ಸಣ್ಣ ರಬ್ಬರ್ ತೋಳು ಇರುತ್ತದೆ, ಇನ್ನೊಂದು ಬೋಳು. ಬಿಚ್ಚುವಾಗಲೇ ಯಾವುದು ಮೇಲಿತ್ತು ಯಾವುದು ಕೆಳಗಿತ್ತು ಎಂದು ಗುರುತು ಹಾಕಿ. ಅದಲು ಬದಲು ಮಾಡಿದರೆ ಹೊಸ ಪ್ಯಾಡ್ ಹಾಕಿದ ಮೇಲೂ ಹಿಡಿಯುತ್ತದೆ. ಒಂದು ವ್ಯಾಗನ್ ಆರ್‌ನ ಎಡಗಡೆ ಎರಡು ಸಲ ಪ್ಯಾಡ್ ಬದಲಾಗಿತ್ತು, ಆದರೂ ಚಕ್ರ ಸುಡುತ್ತಿತ್ತು. ತೋಳಿರುವ ಪಿನ್ ಕೈಗೆ ಬರಲಿಲ್ಲ. ಪ್ಲಯರಿನಲ್ಲಿ ತಿರುಗಿಸುತ್ತ ಎಳೆದಾಗ ಕಂದು ಅಂಟು ಮೆತ್ತಿಕೊಂಡು ಬಂತು. ರಬ್ಬರ್ ಉಬ್ಬಿ, ಉಗುರು ಒತ್ತಿದರೆ ಅಚ್ಚು ಬೀಳುವಷ್ಟು ಮೆತ್ತಗಾಗಿತ್ತು. ಹಿಂದಿನ ಕೆಲಸದಲ್ಲಿ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸನ್ನೇ ತುಂಬಿದ್ದರು. ಪೆಟ್ರೋಲಿಯಂ ಗ್ರೀಸ್ ಬ್ರೇಕಿನ ರಬ್ಬರನ್ನು ಉಬ್ಬಿಸುತ್ತದೆ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬೇಕಾದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್. ಪಿನ್ ಮೇಲಿನ ತುಕ್ಕನ್ನು ನಯವಾದ ಎಮರಿ ಪೇಪರಿನಿಂದ ತೆಗೆದು, ಗುಳಿ ಬಿದ್ದಿದ್ದರೆ ಪಿನ್ನನ್ನೇ ಬದಲಿಸಿ, ಪಿನ್ ಕೂರುವ ತೂತನ್ನು ಬ್ರೇಕ್ ಕ್ಲೀನರ್ ಹೊಡೆದು ಬಟ್ಟೆಯಿಂದ ಒಣಗಿಸಿ. ಒಂದು ಪಿನ್ನಿಗೆ ಕಡಲೆಕಾಳಿನಷ್ಟು ಗ್ರೀಸ್ ಸಾಕು, ತೆಳ್ಳಗೆ ಸವರಿ. ಹೆಚ್ಚು ತುಂಬಿದರೆ ತೂತಿನ ತಳದಲ್ಲಿ ಗಾಳಿ ಗ್ರೀಸ್ ಸೇರಿ ಪಿನ್ನನ್ನು ಹೊರಕ್ಕೆ ನೂಕುತ್ತವೆ. ಪಿನ್ನಿಗೆ ನೀರು ದೂಳು ತಾಗದಂತೆ ಮುಚ್ಚುವ ರಬ್ಬರ್ ಬೂಟ್ ಹರಿದದ್ದನ್ನು ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕೆಲಸ.

ಪ್ಯಾಡಿನ ಕಿವಿಗಳನ್ನು ಯಾರೂ ನೋಡುವುದಿಲ್ಲ. ಬ್ರಾಕೆಟ್ಟಿನಲ್ಲಿ ಕಿವಿ ಕೂರುವ ಜಾಗಕ್ಕೆ ಸ್ಟೀಲ್ ಕ್ಲಿಪ್ ಇದ್ದು, ಅದರ ಅಡಿಯಲ್ಲಿ ತುಕ್ಕು ಬೆಳೆದು ಕ್ಲಿಪ್ಪನ್ನು ಮೇಲೆತ್ತುತ್ತದೆ, ಪ್ಯಾಡ್ ಬಿಗಿಯಾಗುತ್ತದೆ. ಕ್ಲಿಪ್ ತೆಗೆದು ಅಡಿಯ ತುಕ್ಕನ್ನು ಅರದಿಂದ ಲೋಹ ಹೊಳೆಯುವವರೆಗೆ ಮಾತ್ರ ಉಜ್ಜಿ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು. ಸುತ್ತಿಗೆ ಬಡಿದು ಕೂರಿಸಿದ ಪ್ಯಾಡ್ ಹಿಂದೆ ಬರುವುದಿಲ್ಲ. ಅಗ್ಗದ ಪ್ಯಾಡ್‌ಗಳ ಕಿವಿಗೆ ಬಣ್ಣ ದಪ್ಪಗೆ ಬಳಿದಿರುವುದೂ ಉಂಟು, ಆ ಬಣ್ಣವನ್ನಷ್ಟೇ ಉಜ್ಜಿ ತೆಗೆದರೆ ಸಾಕು.

ಕೊನೆಗೆ ಪಿಸ್ಟನ್. ನಿಪ್ಪಲ್ ತೆರೆದು ಟ್ಯೂಬ್ ಬಾಟಲಿಗೆ ಬಿಟ್ಟು, ಹಳೆಯ ಪ್ಯಾಡ್ ಅಡ್ಡ ಇಟ್ಟು ಜಿ ಕ್ಲಾಂಪಿನಿಂದ ನಿಧಾನ ಒತ್ತಿ. ತೆರೆಯದೆ ಒತ್ತಿದರೆ ಕ್ಯಾಲಿಪರಿನ ಕೊಳಕು ಆಯಿಲ್ ಮೇಲೆ ಮಾಸ್ಟರ್ ಸಿಲಿಂಡರಿಗೆ ಹೋಗುತ್ತದೆ. ಒಂದೇ ಸಮನೆ ಹೋದರೆ ಪಿಸ್ಟನ್ ಸರಿಯಿದೆ. ತಡೆದು ತಡೆದು ಹೋದರೆ, ಅಥವಾ ದೂಳಿನ ಬೂಟ್ ಹರಿದು ಒಳಗೆ ತುಕ್ಕು ಕಂಡರೆ ಬಿಚ್ಚಲೇಬೇಕು. ಪಿಸ್ಟನ್ ಹೊರಗೆ ತರಲು ಕಡಿಮೆ ಗಾಳಿ ಒತ್ತಡ ಸಾಕು. ಎದುರಿಗೆ ಮರದ ತುಂಡು ಇಡಿ, ಬೆರಳನ್ನು ಎಂದೂ ಅಡ್ಡ ತರಬೇಡಿ, ಅದು ಗುಂಡಿನಂತೆ ಬರುತ್ತದೆ. ಸೀಲ್ ತೆಗೆದ ಮೇಲೆ ಅದು ಕೂರುವ ಚಡಿಯನ್ನು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆದು ನೋಡಿ. ಚಡಿಯ ತಳದಲ್ಲಿ ತುಕ್ಕು ಕೂತಿದ್ದರೆ ಹೊಸ ಸೀಲನ್ನೂ ಅದು ಹೊರಕ್ಕೆ ಒತ್ತುತ್ತದೆ, ಪಿಸ್ಟನ್ ಬಿಗಿಯಾಗುತ್ತದೆ. ಕಿಟ್ ಹಾಕಿದರೂ ಮತ್ತೆ ಹಿಡಿಯಿತು ಎನ್ನುವ ಕ್ಯಾಲಿಪರುಗಳಲ್ಲಿ ನಾನು ಕಂಡದ್ದು ಇದನ್ನೇ. ಪಿಸ್ಟನ್ ಮೈಮೇಲೆ ಗುಳಿ ಬಿದ್ದಿದ್ದರೆ ಉಜ್ಜಿ ಹಾಕಬೇಡಿ, ಬದಲಿಸಿ. ಜೋಡಿಸುವಾಗ ಸೀಲಿಗೂ ಪಿಸ್ಟನ್ನಿಗೂ ಹೊಸ ಬ್ರೇಕ್ ಆಯಿಲ್ ಸವರಿ, ಕೈಯಿಂದಲೇ ನೇರವಾಗಿ ಒತ್ತಿ ಕೂರಿಸಿ.

ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದ ದರ್ಜೆಯದ್ದನ್ನೇ ಹಾಕಿ, ಸೀಲ್ ಒಡೆಯದ ಡಬ್ಬಿಯಿಂದ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140. ಡಾಟ್ 4 ಆದರೆ 230 ಮತ್ತು 155. ಅದೇ ತೇವ ಪಿಸ್ಟನ್ ತುಕ್ಕಿಗೂ ಕಾರಣ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದನ್ನು ಕರಾವಳಿಯಲ್ಲಿ ತಪ್ಪಿಸಲೇಬೇಡಿ. ಆಯಿಲ್ ಕಾರಿನ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ. ನಿಪ್ಪಲ್ ಮೂಲಕ ಲೈನಿನ ಗಾಳಿ ತೆಗೆದು, ಟ್ಯಾಂಕ್ ಗುರುತಿನವರೆಗೆ ತುಂಬಿ, ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಪ್ಯಾಡ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಅದು ನೆಲಕ್ಕೆ ಹೋಗುತ್ತದೆ, ಇದನ್ನು ಮರೆತು ರಿವರ್ಸ್ ತೆಗೆದರೆ ಗೋಡೆಗೆ ಗುದ್ದುತ್ತದೆ.

ಹೊಸ ಪ್ಯಾಡ್ ಆದರೆ 50ರ ವೇಗದಿಂದ 10ಕ್ಕೆ ಇಳಿಯುವಂತೆ ಹತ್ತು ಸಲ, ಪೂರ್ತಿ ನಿಲ್ಲಿಸದೆ, ನಡುನಡುವೆ ತಣಿಯಲು ಬಿಟ್ಟು ಬ್ರೇಕ್ ಹಾಕಿ. ಡಿಸ್ಕ್ ತಣ್ಣಗಾದ ಮೇಲೆ ಮೊದಲು ಓಡಿಸಿದ ಅದೇ ಹತ್ತು ಕಿಲೋಮೀಟರ್ ಮತ್ತೆ ಬ್ರೇಕ್ ಮುಟ್ಟದೆ ಓಡಿಸಿ, ಎರಡೂ ಡಿಸ್ಕಿಗೆ ಥರ್ಮಾಮೀಟರ್ ಹಿಡಿಯಿರಿ. ಎಡಕ್ಕೂ ಬಲಕ್ಕೂ ಹತ್ತು ಹದಿನೈದು ಡಿಗ್ರಿಯೊಳಗಿನ ಅಂತರ ಬಂದರೆ ನಾನು ಚಕ್ರದ ಕ್ಯಾಪ್ ಹಾಕಿ ಕಾರು ಕೊಡುತ್ತೇನೆ.