ಆಗಿನ ಕಾಲದಲ್ಲಿ ಯಾವ ಬಿಯರ್ ಪ್ರೀಮಿಯಂ ಆಗಿತ್ತು ಅಂತ ಪತ್ತೆ ಮಾಡೋದು ಹೇಗೆ

ಹಳೇ ಕಾಲದ ಕಥೆ ಬರೆಯೋರು, ಹಳೇ ಬಾಟಲ್ ಲೇಬಲ್ ಕೂಡಿಡೋರು, ಇಲ್ಲಾ ಸುಮ್ನೆ ಮಾತಿಗೆ ಮಾತು ಬೆಳೆದು ವಾದಕ್ಕೆ ಬಿದ್ದೋರು, ಎಲ್ರೂ ಮಾಡೋ ತಪ್ಪು ಒಂದೇ. ಇವತ್ತಿನ ನಾಲಿಗೇಲಿ ಅವತ್ತಿನ ಬಿಯರ್ ಅಳೀತಾರೆ. ಇವತ್ತು ಸಪ್ಪೆ ಅನ್ಸೋ ಬ್ರ್ಯಾಂಡನ್ನ ಆಗ್ಲೂ ಯಾರೂ ಕೇರ್ ಮಾಡ್ತಿರ್ಲಿಲ್ಲ ಅಂದ್ಕೋತಾರೆ, ಇವತ್ತು ದುಬಾರಿ ಇರೋದು ಮೊದಲಿಂದ್ಲೂ ಹಂಗೇ ಇತ್ತು ಅಂದ್ಕೋತಾರೆ. ಎರಡೂ ಸುಳ್ಳು. ಪ್ರೀಮಿಯಂ ಅನ್ನೋದು ಮೊದಲು ರೇಟಿನ ವಿಷ್ಯ, ರುಚಿ ಏನಿದ್ರೂ ಆಮೇಲೆ. ಪಕ್ಕದಲ್ಲಿ ಯಾವ ಬಾಟಲ್ ಎಷ್ಟಕ್ಕೆ ನಿಂತಿತ್ತು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಮೊದಲು ದಶಕ ಮತ್ತೆ ದೇಶ ಎರಡನ್ನೂ ಗಟ್ಟಿ ಮಾಡ್ಕೊಳ್ಳಿ, ಒಂದನ್ನ ಬಿಟ್ಟು ಇನ್ನೊಂದು ಇಟ್ಕೊಂಡ್ರೆ ಪ್ರಯೋಜನ ಇಲ್ಲ. ಸ್ಟೆಲ್ಲಾ ಆರ್ಟ್ವಾ ನೋಡಿ, ಬೆಲ್ಜಿಯಂನಲ್ಲಿ ದಿನಾ ಕುಡಿಯೋ ಸಾದಾ ಲಾಗರ್ (ತಂಪಲ್ಲಿ ಹುದುಗಿಸಿ ಮಾಡೋ ಬಿಯರ್), ಅದೇ ಬ್ರಿಟನ್‌ನಲ್ಲಿ 1980ರ ದಶಕದಿಂದ ‘ದುಬಾರಿ, ಅದಕ್ಕೇ ನಂಬಬಹುದು’ ಅನ್ನೋ ಧಾಟೀಲೇ ವರ್ಷಗಟ್ಟಲೆ ಜಾಹೀರಾತು ಮಾಡಿ ಮಾರಿದ್ರು. ಕೊರೋನಾ ಮೆಕ್ಸಿಕೋದಲ್ಲಿ ಜನಸಾಮಾನ್ಯರ ಬಿಯರ್, 80ರ ದಶಕದಲ್ಲಿ ಅಮೆರಿಕಕ್ಕೆ ಬಂದು ಫ್ಯಾಷನ್ ಆಗೋಯ್ತು, 1997ರಲ್ಲಿ ಹೈನೆಕನ್‌ನೇ ಹಿಂದೆ ಹಾಕಿ ಅಲ್ಲಿನ ನಂಬರ್ ಒನ್ ಇಂಪೋರ್ಟ್ ಆಯ್ತು. ಇನ್ನು ಆ ಹೈನೆಕನ್ ಅಮೆರಿಕದಲ್ಲಿ ಠೀವಿಯ ಇಂಪೋರ್ಟ್ ಆಗಿದ್ದಾಗ ಬ್ರಿಟನ್‌ನಲ್ಲಿ ಅಲ್ಲೇ ತಯಾರಾಗ್ತಿದ್ದ 3.4% ಆಲ್ಕೋಹಾಲಿನ ತೆಳು ಬಿಯರ್, 2003ರಲ್ಲಿ ಅದನ್ನ ನಿಲ್ಲಿಸಿ 5% ಇರೋದನ್ನ ತಂದ್ರು. ಅಂದ್ರೆ ಲಂಡನ್‌ನವರು ಹೈನೆಕನ್ ನೀರಿದ್ದಂಗಿತ್ತು ಅಂದ್ರೂ ನಿಜ, ನ್ಯೂಯಾರ್ಕಿನವರು ಅಪ್ಪ ಹಬ್ಬಕ್ಕೆ ಮಾತ್ರ ತರ್ತಿದ್ರು ಅಂದ್ರೂ ನಿಜ.

ಆಮೇಲೆ ರೇಟಿನ ಏಣಿ ಕಟ್ಟಿ. ಇದಕ್ಕೆ ಹಳೇ ಪೇಪರ್‌ನಲ್ಲಿ ಬರ್ತಿದ್ದ ದಿನಸಿ ಅಂಗಡಿ ಜಾಹೀರಾತು ಮತ್ತೆ ಹೋಟೆಲ್‌ಗಳ ಮೆನು ಕಾರ್ಡು, ಇವೆರಡಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ಬ್ರೂವರಿಯವರು ಮಾಡಿಸಿದ ಜಾಹೀರಾತು ನಂಬ್ಬೇಡಿ, ಅದ್ರಲ್ಲಿ ಎಲ್ಲಾ ಬಿಯರೂ ಅತ್ಯುತ್ತಮವೇ. ಮೊತ್ತ ನೋಡಿ ಇಷ್ಟು ಅಗ್ಗನಾ ಅಂತ ಬಾಯ್ಬಿಡ್ಬೇಡಿ, ಒಂದೇ ದಿನದ ಒಂದೇ ಜಾಹೀರಾತಲ್ಲಿ ಇರೋ ಎಲ್ಲಾ ಬ್ರ್ಯಾಂಡನ್ನ ಅಗ್ಗದಿಂದ ದುಬಾರಿಗೆ ಜೋಡಿಸಿ, ಎಲ್ಲಿ ರೇಟು ದಿಢೀರ್ ಅಂತ ಜಿಗಿಯುತ್ತೋ ಅಲ್ಲಿ ಒಂದು ಗೆರೆ ಎಳೀರಿ. ಹಂಗೆ ಎಳೆದಾಗ ಅಮೆರಿಕದ 50-60ರ ದಶಕದಲ್ಲಿ ಗೆರೆ ಮೇಲೆ ಯಾರು ಕೂತಿರ್ತಾರೆ ಗೊತ್ತಾ, ಬಡ್‌ವೈಸರ್, ಶ್ಲಿಟ್ಜ್, ಪ್ಯಾಬ್‌ಸ್ಟ್, ಮಿಲ್ಲರ್ ಹೈ ಲೈಫ್! ಇವತ್ತು ಇವನ್ನೆಲ್ಲ ಪ್ರೀಮಿಯಂ ಅಂದ್ರೆ ನಗ್ತಾರೆ. ಆದ್ರೆ ಕಾರಣ ಗಟ್ಟಿಯಾಗಿತ್ತು. ಊರೂರಲ್ಲಿ ಲೋಕಲ್ ಬ್ರೂವರಿ ಇದ್ದ ಕಾಲ, ಅವರ ಬಿಯರ್ ಅಲ್ಲಲ್ಲೇ ಖರ್ಚಾಗ್ತಿತ್ತು, ಮಿಲ್ವಾಕಿ, ಸೇಂಟ್ ಲೂಯಿಸ್ ನಗರಗಳ ದೊಡ್ಡ ಕಂಪನಿಗಳದ್ದು ರೈಲಲ್ಲಿ ದೂರ ಹೋಗ್ಬೇಕು, ಆ ಸಾಗಾಟದ ಖರ್ಚು ರೇಟಿನ ಮೇಲೆ ಬೀಳ್ತಿತ್ತು, ದೂರದಿಂದ ಬಂದಿದೆ ಜಾಸ್ತಿ ಕೊಡ್ಬೇಕು ಅಂದ್ರೆ ಚೆನ್ನಾಗೇ ಇರ್ಬೇಕು ಅಂತ ಜನ ನಂಬಿದ್ರು. ಆಮೇಲೆ ಅದೇ ಕಂಪನಿಗಳು ದೇಶದ ನಾಲ್ಕೂ ಕಡೆ ಪ್ಲಾಂಟ್ ಹಾಕಿ ಸಾಗಾಟದ ಖರ್ಚು ಇಳಿಸ್ಕೊಂಡ್ರು, ರೇಟು ಮಾತ್ರ ಇಳಿಸ್ಲಿಲ್ಲ :)

ಗೆರೆ ಮೇಲೆ ತುಂಬಾ ಜನ ಸೇರ್ಕೊಂಡಾಗ ಅದ್ರ ಮೇಲೆ ಇನ್ನೊಂದು ಮೆಟ್ಟಿಲು ಹುಟ್ಟುತ್ತೆ, ಅದಕ್ಕೆ ಸೂಪರ್ ಪ್ರೀಮಿಯಂ ಅಂತ ಹೆಸರಿಟ್ರು. ಇಲ್ಲಿ ರಾಜ ಅಂದ್ರೆ ಮಿಕೆಲೋಬ್. 1896ರಿಂದ ಇದ್ದ ಬಿಯರು, ಆದ್ರೆ ಡ್ರಾಟ್‌ನಲ್ಲಿ, ಅಂದ್ರೆ ಬಾರಲ್ಲಿ ಪೀಪಾಯಿಯಿಂದ ನಲ್ಲೀಲಿ ಬಿಟ್ಟು ಕೊಡೋ ಥರ, ಮಾತ್ರ ಸಿಗ್ತಿತ್ತು, 1961ರಲ್ಲಿ ಬಾಟಲಿಗೆ ಬಂತು. ಆ ಬಾಟಲ್‌ನ ಫೋಟೋ ಸಿಕ್ಕಿದ್ರೆ ಸ್ವಲ್ಪ ಹೊತ್ತು ಸುಮ್ನೆ ನೋಡಿ. ನೀರಿನ ಹನಿ ಆಕಾರ, ಕೆಳಗೆ ದುಂಡಗೆ ಮೇಲೆ ಸಣ್ಣಗೆ, ಕುತ್ತಿಗೆಗೆ ಚಿನ್ನದ ಬಣ್ಣದ ಫಾಯಿಲ್. ಯಾವ್ದೋ ಒಳ್ಳೇ ವೈನ್ ಇರ್ಬೇಕು ಅನ್ಸೋ ಥರ. ಹಳೇ ಬಿಯರ್ ಗುರುತು ಹಿಡಿಯೋಕೆ ಈ ಫಾಯಿಲ್ ದೊಡ್ಡ ಸುಳಿವು, ಕುತ್ತಿಗೆಗೆ ಫಾಯಿಲ್ ಸುತ್ತಿದ್ದಾರೆ ಅಂದ್ರೆ ಜಾಸ್ತಿ ದುಡ್ಡು ಕೇಳ್ತಿದ್ರು ಅಂತ್ಲೇ ಲೆಕ್ಕ. ಜಾಹೀರಾತಿನ ಧಾಟಿಯನ್ನೂ ಗಮನಿಸಿ, 70ರ ದಶಕದಲ್ಲಿ ಮಿಕೆಲೋಬ್ ಅಂದ್ರೆ ವೀಕೆಂಡಿಗೆ ಅಂತ ತಲೇಲಿ ಕೂರಿಸಿದ್ರು, ಆಮೇಲೆ ಆಸೆ ಜಾಸ್ತಿಯಾಗಿ ವಾರದ ದಿನಾನೂ ಕುಡೀರಿ ಅಂದ್ರು, ಅದಾದ್ಮೇಲೆ ರಾತ್ರಿಯೆಲ್ಲಾ ನಮ್ದೇ ಅಂದ್ರು. ವಿಶೇಷ ದಿನದ ವಸ್ತುವನ್ನ ದಿನಾ ಬಳಸಿ ಅಂದ್ರೆ ಅದು ವಿಶೇಷ ಹೆಂಗಾಗುತ್ತೆ ಹೇಳಿ, 1980ರ ಸುಮಾರಿಗೆ ಶಿಖರ ಮುಟ್ಟಿದ ಮಾರಾಟ ಆಮೇಲೆ ಇಳೀತಾನೇ ಹೋಯ್ತು.

ಇಂಪೋರ್ಟ್ ಬಿಯರ್ ವಿಷ್ಯಕ್ಕೆ ಬಂದ್ರೆ ಲೇಬಲ್‌ನ ದೊಡ್ಡಕ್ಷರ ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ, ಎಲ್ಲಿ ತಯಾರಾಯ್ತು ಅಂತ ಅಲ್ಲಿರುತ್ತೆ. 1970ರ ಸುಮಾರಿಗೆ ಅಮೆರಿಕದಲ್ಲಿ ಕುಡೀತಿದ್ದ ಬಿಯರಲ್ಲಿ ಹೊರಗಿಂದ ಬಂದಿದ್ದು ನೂರಕ್ಕೆ ಒಂದು ಪಾಲೂ ಇರ್ಲಿಲ್ಲ, ಅದಕ್ಕೇ ಹಸಿರು ಬಾಟಲ್ ಕೈಲಿದ್ರೆ ಜನ ತಿರುಗಿ ನೋಡ್ತಿದ್ರು. ಮ್ಯೂನಿಕ್‌ನ ಲೋವನ್‌ಬ್ರಾಯ್ ಹೆಸರನ್ನ 70ರ ದಶಕದಲ್ಲಿ ಮಿಲ್ಲರ್ ಕಂಪನಿ ತಗೊಂಡು ಅಮೆರಿಕದಲ್ಲೇ ತಯಾರು ಮಾಡೋಕೆ ಶುರು ಮಾಡ್ತು, ಹೆಸರೂ ರೇಟೂ ಮೇಲೇ ಇತ್ತು, ಒಳಗಿನ ರೆಸಿಪಿ ಮಾತ್ರ ಜರ್ಮನಿದಲ್ಲ. ಎದುರಾಳಿ ಆನ್‌ಹೈಸರ್ ಬುಷ್ (ಬಡ್‌ವೈಸರ್, ಮಿಕೆಲೋಬ್ ಮಾಡೋ ಕಂಪನಿ) ಇದನ್ನ 1977ರಲ್ಲಿ ಸರ್ಕಾರದ ಟ್ರೇಡ್ ಕಮಿಷನ್ ತನಕ ಎಳೀತು. ಹಂಗಾಗಿ ಯಾರಾದ್ರೂ ಆಗಿನ ಲೋವನ್‌ಬ್ರಾಯ್ ಅದ್ಭುತ ಅಂದ್ರೆ ಯಾವ ವರ್ಷದ್ದು ಅಂತ ಕೇಳ್ಲೇಬೇಕು.

ಇನ್ನೊಂದು ಮಜಾ ಇದೆ. ಹಸಿರು ಇಲ್ಲಾ ಬಿಳೀ ಗಾಜು ಬೆಳಕನ್ನ ಸರಿಯಾಗಿ ತಡೆಯಲ್ಲ, ಬೆಳಕು ಬಿದ್ರೆ ಹಾಪ್ಸ್ ಅನ್ನೋ ಬಳ್ಳಿಯ ಹೂವಿಂದ ಬಂದ ಕಹಿ ಅಂಶ ಒಡೆದು ಗಂಧಕದ ನಾತದ ವಸ್ತು ಹುಟ್ಟುತ್ತೆ, ಎಷ್ಟು ಸ್ವಲ್ಪ ಇದ್ರೂ ಮೂಗಿಗೆ ತಿಳಿಯುತ್ತೆ. ಹಡಗಲ್ಲಿ ಬಂದು ಅಂಗಡಿ ಟ್ಯೂಬ್‌ಲೈಟ್ ಕೆಳಗೆ ವಾರಗಟ್ಟಲೆ ಕೂತ ಬಾಟಲ್‌ಗೆ ಆ ನಾತ ಬರದೇ ಇರುತ್ತಾ. ಯುರೋಪಿನ ಬಿಯರ್‌ಗೆ ಒಂದು ಬೇರೆ ಥರ ಘಮ ಇತ್ತು ಅಂತ ಯಾರಾದ್ರೂ ನೆನಪಿಸ್ಕೊಂಡ್ರೆ ಬಹುಶಃ ಅವರು ಕೆಟ್ಟ ಬಿಯರ್‌ನ ಕೊಂಡಾಡ್ತಿದ್ದಾರೆ. ಸುಮ್ನೆ ಕೇಳಿಸ್ಕೊಳ್ಳಿ, ಬರ್ಕೊಳ್ಳಿ, ರುಚಿಗೆ ಸಾಕ್ಷಿಯಾಗಿ ಮಾತ್ರ ತಗೋಬೇಡಿ.

ಸಿಗದೇ ಇರೋದಕ್ಕೂ ಬೆಲೆ ಬರುತ್ತೆ, ಇದನ್ನ ಬೇರೆ ಖಾನೆಗೆ ಹಾಕಿ. ಕೂರ್ಸ್ ಇದಕ್ಕೆ ಉದಾಹರಣೆ. ಕೊಲರಾಡೋದಲ್ಲಿ ಮಾಮೂಲಿ ಬಿಯರ್, ಪಾಶ್ಚರೈಸ್ ಮಾಡ್ತಿರ್ಲಿಲ್ಲ, ತಣ್ಣಗೇ ಇಡ್ಬೇಕಿತ್ತು, 1981ರ ತನಕ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಕಂಪನಿ ಮಾರ್ಲೇ ಇಲ್ಲ. ಅದಕ್ಕೇ ಪೂರ್ವದೋರು ಆ ಕಡೆ ಹೋದಾಗ ಕೇಸ್‌ಗಟ್ಟಲೆ ಕಾರಲ್ಲಿ ತುಂಬ್ಕೊಂಡು ಬರ್ತಿದ್ರು, ಪ್ರೆಸಿಡೆಂಟ್ ಫೋರ್ಡ್‌ಗೂ ಇದರ ಮೇಲೆ ಪ್ರೀತಿ. ಎಲ್ಲಾ ಕಡೆ ಸಿಗೋಕೆ ಶುರುವಾದ್ಮೇಲೆ ಆ ಮಾಯೆ ಹೋಯ್ತು. ಏಣೀಲಿ ಇದನ್ನ ಹುಡುಕಿದ್ರೆ ಸಿಗಲ್ಲ, ಆದ್ರೆ ಜನರ ನೆನಪಲ್ಲಿ ಭಾರೀ ಪ್ರೀಮಿಯಂ.

ಒಳಗೇನಿತ್ತು ಅನ್ನೋದನ್ನ ಕೊನೆಗೆ ನೋಡಿ, ಯಾಕಂದ್ರೆ ಇದೇ ಹೆಚ್ಚು ದಾರಿ ತಪ್ಪಿಸೋದು. ಅಕ್ಕಿ ಹಾಕಿದ್ರೆ ಅಗ್ಗದ ಬಿಯರ್ ಅಂತ ಇವತ್ತಿನೋರ ನಂಬಿಕೆ, ಬಡ್‌ವೈಸರ್ ಅಕ್ಕಿ ಹಾಕ್ತೀವಿ ಅಂತ ಲೇಬಲ್ ಮೇಲೇ ಹೆಮ್ಮೆಯಿಂದ ಬರೀತಿತ್ತು. ಆದ್ರೆ ಜಪಾನಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಲೆಕ್ಕಕ್ಕೆ ಬರುತ್ತೆ, 1971ರಲ್ಲಿ ಸಪ್ಪೊರೊ ತನ್ನ ಹಳೇ ಎಬಿಸು ಬ್ರ್ಯಾಂಡನ್ನ ಪೂರ್ತಿ ಮಾಲ್ಟ್‌ನಲ್ಲಿ ವಾಪಸ್ ತಂದಾಗ ಅದೇ ಅದರ ಗತ್ತು. ಜರ್ಮನೀಲಿ ಲಾಗರ್ ಎಲ್ಲಾ ಮಾಲ್ಟ್‌ನದ್ದೇ ಆಗಿರ್ಬೇಕು ಅನ್ನೋ ನಿಯಮ, ಹಂಗಾಗಿ ಅಲ್ಲಿ ಆ ಗತ್ತು ನಡೆಯಲ್ಲ, ವಾರ್‌ಸ್ಟೈನರ್, ಬಿಟ್‌ಬುರ್ಗರ್ ಥರದ ಪಿಲ್ಸ್‌ಗಳು (ಕಹಿ ಸ್ವಲ್ಪ ಜಾಸ್ತಿ ಇರೋ ತಿಳಿ ಬಣ್ಣದ ಲಾಗರ್) ಟೀವಿ ಜಾಹೀರಾತಿನ ಬಲದಿಂದ ಮೇಲೆ ಬಂದ್ವು. ರೆಸಿಪಿ ಬದಲಾದ ವರ್ಷ ಸಿಕ್ಕಿದ್ರೆ ಅದನ್ನೂ ಗುರುತು ಹಾಕ್ಕೊಳ್ಳಿ. ಶ್ಲಿಟ್ಜ್ 70ರ ದಶಕದಲ್ಲಿ ಖರ್ಚು ಉಳಿಸೋಕೆ ಹುದುಗೋ ಸಮಯ ಕಮ್ಮಿ ಮಾಡಿ, ಬೇರೆ ಕೆಮಿಕಲ್ ಹಾಕಿ, ಬಿಯರಲ್ಲಿ ಚೂರು ಚೂರು ತೇಲೋಕೆ ಶುರುವಾಗಿ, ಸುಮಾರು 1 ಕೋಟಿ ಬಾಟಲ್ ವಾಪಸ್ ತರಿಸ್ಕೊಂಡ್ತು. 1982ರಲ್ಲಿ ಕಂಪನೀನೇ ಸ್ಟ್ರೋ ಅನ್ನೋ ಇನ್ನೊಂದು ಬ್ರೂವರಿ ಪಾಲಾಯ್ತು. ಒಂದೇ ಬ್ರ್ಯಾಂಡ್, 1955ರಲ್ಲಿ ಕುಡಿದೋರೂ 1978ರಲ್ಲಿ ಕುಡಿದೋರೂ ಬೇರೆ ಬೇರೆ ಕಥೆ ಹೇಳ್ತಾರೆ.

ಹಿರಿಯರನ್ನ ಕೇಳೋದಾದ್ರೆ ‘ಆಗ ಒಳ್ಳೇ ಬಿಯರ್ ಯಾವ್ದಿತ್ತು’ ಅಂತ ಕೇಳ್ಬೇಡಿ, ಅವರಿಗೆ ಇಷ್ಟ ಆಗಿದ್ದನ್ನ ಹೇಳ್ತಾರೆ ಅಷ್ಟೆ. ಸಂಬಳ ಆದ ದಿನ ಯಾವ್ದು ತರ್ತಿದ್ರಿ, ತಿಂಗಳ ಕೊನೇಲಿ ಯಾವ್ದು, ಆಫೀಸಿನ ಮೇಲಿನೋರು ಮನೆಗೆ ಬಂದ್ರೆ ಯಾವ್ದು ಮೇಜಿನ ಮೇಲಿಡ್ತಿದ್ರಿ, ಬಾಟಲ್ಲಾ ಕ್ಯಾನಾ, ಹಿಂಗೆ ಕೇಳಿದ್ರೆ ಏಣಿ ತಾನಾಗೇ ಹೊರಗೆ ಬರುತ್ತೆ.

ಬರ್ದಿಡೋವಾಗ ಬರೀ ಬ್ರ್ಯಾಂಡ್ ಹೆಸರು ಬರೀಬೇಡಿ, ಪಕ್ಕದಲ್ಲಿ ದೇಶ, ಯಾವಾಗಿಂದ ಯಾವಾಗಿನ ತನಕ, ಅದರ ಕೆಳಗಿನ ಮೆಟ್ಟಿಲಲ್ಲಿ ಯಾರು, ಮೇಲಾಗಿದ್ದಕ್ಕೆ ಕಾರಣ ಸಾಗಾಟನಾ, ಬಾಟಲ್ಲಾ, ವಿದೇಶದ ಹೆಸರಾ, ಸಿಗದೇ ಇದ್ದಿದ್ದಾ, ಇಷ್ಟೂ ಹಾಕಿ. ಮಿಕೆಲೋಬ್, ಅಮೆರಿಕ, 1961ರಿಂದ 80ರ ದಶಕದ ಶುರು, ಕೆಳಗೆ ಬಡ್‌ವೈಸರ್, ಕಾರಣ ಬಾಟಲ್ ಮತ್ತೆ ವೀಕೆಂಡ್ ಜಾಹೀರಾತು. ಕೊನೆಯ ವರ್ಷ ಬರೆಯೋದು ಕಷ್ಟ ಅನ್ಸಿದ್ರೆ ಅಮೆರಿಕದ ಮಟ್ಟಿಗೆ ಸಿಯೆರಾ ನೆವಾಡಾ ಶುರುವಾದ 1980, ಸ್ಯಾಮ್ಯುಯೆಲ್ ಆಡಮ್ಸ್ ಶುರುವಾದ 1984, ಇವುಗಳ ಆಸುಪಾಸು ನೋಡಿ, ಅಲ್ಲಿಂದಾಚೆ ಏಣಿಯ ಮೇಲಿನ ಮೆಟ್ಟಿಲಿಗೆ ಸಣ್ಣ ಬ್ರೂವರಿಗಳು ಹತ್ತೋಕೆ ಶುರು ಮಾಡಿದ್ವು.